ಊರ ನಡುವಿನ ಕಾರ್ ಪಾರ್ಕ್‌ನಲ್ಲಿ ಫ್ಲಾಟ್ ಕಟ್ಟಲು ಕೌನ್ಸಿಲ್ ಒಪ್ಪಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಗ್ಲೆಂಡಿನ ಒಂದು ಸಣ್ಣ ಊರಲ್ಲಿದ್ದೇನೆ. ಊರ ನಡುವೆ ಇರುವ ಕೌನ್ಸಿಲ್ (ನಮ್ಮ ಕಡೆಯ ಪುರಸಭೆಯ ಹಾಗೆ) ಕಾರ್ ಪಾರ್ಕ್ ಜಾಗದಲ್ಲಿ ಫ್ಲಾಟ್ ಕಟ್ಟುವ ಯೋಜನೆಗೆ ಪ್ಲಾನಿಂಗ್ ಕಮಿಟಿ, ಅಂದರೆ ಕಟ್ಟಡದ ಅರ್ಜಿಗಳನ್ನು ತೀರ್ಮಾನಿಸುವ ಕೌನ್ಸಿಲರ್‌ಗಳ ಗುಂಪು, ಒಪ್ಪಿಗೆ ಕೊಟ್ಟ ಮೇಲೆ, ಇಲ್ಲಿನ ಕನ್ನಡದವರು ಸಿಕ್ಕಾಗಲೆಲ್ಲ ಅದೇ ಮಾತು. ಒಂದೇ ಉತ್ತರವನ್ನು ಹತ್ತು ಸಲ ಹೇಳಿ ಸಾಕಾಯಿತು, ಅದಕ್ಕೇ ಬರೆದಿಟ್ಟೆ. ನಾನು ವಕೀಲ ಅಲ್ಲ, ಮೊದಲ ದಿನದಿಂದ ಫೈಲ್ ಓದಿದವನು ಅಷ್ಟೇ. ಇದೆಲ್ಲ ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಬೇರೆ ಬೇರೆ ಕಾನೂನು ಇದೆ.

ಜಾಗ ಕೌನ್ಸಿಲ್‌ದೇ, ಒಪ್ಪಿಗೆ ಕೊಡೋದೂ ಕೌನ್ಸಿಲ್ಲೇ. ಇದು ನ್ಯಾಯನಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ಒಂದೇ ರಾತ್ರಿ ಎರಡು ವೇಷ ಕಟ್ಟುತ್ತಾನಲ್ಲ, ಹಾಗೆ. ಒಂದು ವೇಷದಲ್ಲಿ ಕೌನ್ಸಿಲ್ ಜಾಗದ ಮಾಲೀಕ. ಕಾರ್ ಪಾರ್ಕ್ ಇರಬೇಕಾ, ಮಾರಬೇಕಾ, ಯಾರಿಗೆ ಮಾರಬೇಕು ಅನ್ನುವುದನ್ನು ಕೌನ್ಸಿಲ್‌ನ ಕ್ಯಾಬಿನೆಟ್ (ಆಡಳಿತ ನಡೆಸುವ ಮುಖ್ಯ ಕೌನ್ಸಿಲರ್‌ಗಳ ಗುಂಪು) ತೀರ್ಮಾನಿಸುತ್ತದೆ. ಇನ್ನೊಂದು ವೇಷದಲ್ಲಿ ಅದೇ ಕೌನ್ಸಿಲ್ ಪ್ಲಾನಿಂಗ್ ಪ್ರಾಧಿಕಾರ. ಈ ಕಟ್ಟಡ ಈ ಜಾಗಕ್ಕೆ ಸರಿಯಾ ಅಂತ ಮಾತ್ರ ನೋಡುತ್ತದೆ. ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. ಕೌನ್ಸಿಲ್ ತಾನೇ ಅರ್ಜಿ ಹಾಕಿದರೆ, ಆ ಜಾಗವನ್ನು ನೋಡಿಕೊಳ್ಳುವ ಕಮಿಟಿಯಾಗಲಿ ಅಧಿಕಾರಿಯಾಗಲಿ ಆ ಅರ್ಜಿಯನ್ನು ತೀರ್ಮಾನಿಸುವಂತಿಲ್ಲ ಅಂತ 1992ರ ನಿಯಮದಲ್ಲೇ ಇದೆ.

ಹಾಗಂತ ನೋಡುವವರಿಗೆ ಸಮಾಧಾನ ಆಗುತ್ತಾ? ನನಗಂತೂ ಆಗಲಿಲ್ಲ. ಆದರೆ ‘ಅವರದೇ ಜಾಗ, ಅದಕ್ಕೇ ಪಾಸ್ ಮಾಡಿದರು’ ಅಂತ ಆಕ್ಷೇಪಣೆಯಲ್ಲಿ ಬರೆದರೆ ಏನೂ ಉಪಯೋಗ ಇಲ್ಲ. ಪ್ಲಾನಿಂಗ್‌ನವರ ಮಟ್ಟಿಗೆ ಜಾಗ ಯಾರದು ಅನ್ನುವುದು ವಿಷಯವೇ ಅಲ್ಲ.

ನೂರಾರು ಜನ ಬೇಡ ಅಂತ ಬರೆದರೂ ಪಾಸ್ ಆಯ್ತಲ್ಲ, ಹೇಗೆ?

ಇದು ಓಟು ಅಲ್ಲ, ಅದಕ್ಕೇ. ಅಲ್ಲಿ ತಲೆ ಎಣಿಸುವುದಿಲ್ಲ.

2004ರ ಪ್ಲಾನಿಂಗ್ ಕಾಯ್ದೆಯ 38(6)ನೇ ವಿಧಿ ಹೇಳುವುದು ಇಷ್ಟು: ತೀರ್ಮಾನ ಆ ಪ್ರದೇಶದ ಡೆವಲಪ್‌ಮೆಂಟ್ ಪ್ಲಾನ್ (ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ದಾಖಲೆ, ಕೌನ್ಸಿಲ್‌ನ ಲೋಕಲ್ ಪ್ಲಾನ್ ಅದರ ಮುಖ್ಯ ಭಾಗ) ಪ್ರಕಾರವೇ ಆಗಬೇಕು, ಬೇರೆ ಗಟ್ಟಿ ಪ್ಲಾನಿಂಗ್ ಕಾರಣ ಇದ್ದರೆ ಮಾತ್ರ ಅದನ್ನು ಮೀರಬಹುದು. ಅಂದರೆ ಲೋಕಲ್ ಪ್ಲಾನ್‌ನಲ್ಲಿ ‘ಈ ಜಾಗದಲ್ಲಿ ಮನೆ ಕಟ್ಟಬಹುದು’ ಅಂತ ಆಗಲೇ ಬರೆದಿದ್ದರೆ, ನೀವು ಆಮೇಲೆ ಸಾವಿರ ಸಹಿ ಹಾಕಿಸಿದರೂ ಅದು ಗಾಳಿಗೆ ಗುದ್ದಿದ ಹಾಗೆ. ಒಂದೇ ಕಾಗದವನ್ನು ನಕಲು ಮಾಡಿ ಎಪ್ಪತ್ತು ಜನ ಕಳಿಸಿದರೆ, ಕಮಿಟಿಗಾಗಿ ಪ್ಲಾನಿಂಗ್ ಅಧಿಕಾರಿ ಬರೆಯುವ ವರದಿಯಲ್ಲಿ ಅದು ಒಂದೇ ಸಾಲು. ಆ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಇರುವ ಒಬ್ಬರು ತಮ್ಮ ಅಡುಗೆಮನೆ ಕಿಟಕಿಗೆ ಬೆಳಕು ಎಷ್ಟು ಹೊತ್ತಿಗೆ ಎಲ್ಲಿಂದ ಬರುತ್ತದೆ ಅಂತ ಫೋಟೋ ಸಮೇತ ಬರೆದರೆ, ಅದಕ್ಕೆ ಒಂದು ಪ್ಯಾರಾ ಸಿಗುತ್ತದೆ. ನಮ್ಮ ಊರಲ್ಲಿ ಕೊನೆಗೆ ಒಂದು ಮಹಡಿ ಹಿಂದಕ್ಕೆ ಸರಿದದ್ದು ಅಂಥ ಒಂದು ಕಾಗದದಿಂದ. ಸಹಿ ಸಂಗ್ರಹದಿಂದ ಅಲ್ಲ.

ಹಾಗಾದರೆ ಯಾವ ಕಾರಣ ಲೆಕ್ಕಕ್ಕೆ ಬರುತ್ತದೆ?

ಬೆಳಕು ಕಮ್ಮಿ ಆಗುವುದು, ಪಕ್ಕದವರ ಮನೆಯೊಳಗೆ ಇಣುಕುವ ಹಾಗಾಗುವುದು, ಕಟ್ಟಡದ ಎತ್ತರ, ಟ್ರಾಫಿಕ್, ರಸ್ತೆ ಸುರಕ್ಷತೆ, ಸದ್ದು, ಮಳೆನೀರು ಹರಿಯುವ ದಾರಿ, ಹಳೆಯ ಪಾರಂಪರಿಕ ಕಟ್ಟಡಗಳ ಆಸುಪಾಸು. ಇವೆಲ್ಲ ಬರುತ್ತವೆ.

ಮನೆಯ ಬೆಲೆ ಇಳಿಯುತ್ತದೆ ಅನ್ನುವುದು ಬರುವುದಿಲ್ಲ. ಕಿಟಕಿಯಿಂದ ಕಾಣುತ್ತಿದ್ದ ಗುಡ್ಡ ಮುಚ್ಚಿಹೋಗುತ್ತದೆ ಅನ್ನುವುದೂ ಅಷ್ಟೇ. ಬಿಲ್ಡರ್ ಸರಿಯಿಲ್ಲ, ಅವನಿಗೆ ದುಡ್ಡಿನಾಸೆ ಅಂತ ಬರೆದರೆ ಓದುವ ಅಧಿಕಾರಿ ಆ ಸಾಲು ದಾಟಿ ಮುಂದೆ ಹೋಗುತ್ತಾರೆ.

‘ಕಾರ್ ನಿಲ್ಲಿಸಲು ಜಾಗ ಇರಲ್ಲ’ ಅನ್ನೋದು ದೊಡ್ಡ ಕಾರಣ ಅಲ್ವಾ?

ಕಾರಣ ಹೌದು. ಆದರೆ ಸುಮ್ನೆ ಹೇಳಿದರೆ ಸಾಲದು, ತೋರಿಸಬೇಕು. ಇಲ್ಲೇ ಜಾಸ್ತಿ ಜನ ಎಡವುವುದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಸರ್ಕಾರದ ರಾಷ್ಟ್ರೀಯ ಪ್ಲಾನಿಂಗ್ ನೀತಿ, ಎನ್‌ಪಿಪಿಎಫ್ ಅನ್ನುತ್ತಾರೆ, ಮೊದಲು ಬಂದದ್ದು 2012ರಲ್ಲಿ, ಆಮೇಲೆ ಹಲವು ಸಲ ತಿದ್ದಿದ್ದಾರೆ. ಅದರಲ್ಲಿ 2024ರ ಡಿಸೆಂಬರ್ ಆವೃತ್ತಿಯನ್ನು ತೆಗೆದು ನೋಡಿ. ಸರಿಯಾಗಿ ಬಳಕೆಯಾಗದ ಜಾಗದಲ್ಲಿ ಮನೆ ಕಟ್ಟುವುದನ್ನು ಪ್ರೋತ್ಸಾಹಿಸಿ ಅನ್ನುವಾಗ ಉದಾಹರಣೆಯಾಗಿ ಕಾರ್ ಪಾರ್ಕ್‌ಗಳ ಹೆಸರನ್ನೇ ಹೇಳಿದೆ. ಅದೇ ನೀತಿ ಇನ್ನೊಂದು ಕಡೆ, ಊರ ನಡುವಿನ ಪಾರ್ಕಿಂಗ್ ಅನುಕೂಲವಾಗಿ, ಸುರಕ್ಷಿತವಾಗಿ ಇರುವಂತೆ ಸುಧಾರಿಸಿ ಅಂತಲೂ ಹೇಳುತ್ತದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹಾಗಾಗಿ ಇಡೀ ವಾದ ಒಂದೇ ಪದದ ಮೇಲೆ ನಿಲ್ಲುತ್ತದೆ: ಈ ಜಾಗ ‘ಸರಿಯಾಗಿ ಬಳಕೆಯಾಗುತ್ತಿದೆಯಾ, ಇಲ್ಲವಾ’.

ಬಿಲ್ಡರ್ ಕಡೆಯವರ ಟ್ರಾನ್ಸ್‌ಪೋರ್ಟ್ ವರದಿಯಲ್ಲಿ ಅರ್ಧ ಜಾಗ ಖಾಲಿ ಅಂತ ಇತ್ತು. ಎಣಿಸಿದ ದಿನ ಯಾವುದು ಅಂತ ಕೊನೆಯ ಪುಟಗಳಲ್ಲಿ ಹುಡುಕಿದೆ. ಆಗಸ್ಟ್ ತಿಂಗಳ ಒಂದು ಮಂಗಳವಾರ, ಶಾಲೆಗಳಿಗೆ ರಜೆ! ಸರಿ, ನಾನೂ ಒಂದು ಶನಿವಾರ ಬೆಳಗ್ಗೆ ಎಂಟಕ್ಕೆ ನೋಟ್‌ಬುಕ್ ಹಿಡಿದು ನಿಂತೆ. ಗಂಟೆಗೊಮ್ಮೆ ಎಣಿಸಿದೆ. ಹತ್ತೂವರೆಗೆಲ್ಲ ಭರ್ತಿ. ಮೂಲೆಯಲ್ಲಿ ಮರದ ಕೆಳಗಿನ ಸಾಲು ಮಾತ್ರ ಖಾಲಿ ಇತ್ತು, ಅಲ್ಲಿ ನಿಲ್ಲಿಸಿದರೆ ಪಾರಿವಾಳಗಳು ಕಾರಿನ ಮೇಲೆ ಗಲೀಜು ಮಾಡುತ್ತವೆ ಅಂತ ಊರವರಿಗೆಲ್ಲ ಗೊತ್ತು. ಆದರೆ ಮರುವಾರ ಬುಧವಾರ ಹೋಗಿ ಎಣಿಸಿದಾಗ ಬಿಲ್ಡರ್ ವರದಿ ಅಷ್ಟೇನೂ ಸುಳ್ಳಲ್ಲ ಅಂತ ಗೊತ್ತಾಯಿತು. ಅದನ್ನೂ ಮುಚ್ಚಿಡದೆ ಬರೆದೆ. ಬರೆಯದಿದ್ದರೆ ಅಧಿಕಾರಿ ನನ್ನ ಶನಿವಾರದ ಲೆಕ್ಕವನ್ನೂ ನಂಬುತ್ತಿರಲಿಲ್ಲ.

ಇನ್ನೊಂದು ಲೆಕ್ಕ. ಇಲ್ಲಿ ಒಂದು ಕಾರಿನ ಜಾಗ ಸಾಮಾನ್ಯವಾಗಿ 2.4 ಮೀಟರ್ ಅಗಲ, 4.8 ಮೀಟರ್ ಉದ್ದ. ಸುಮಾರು ಹನ್ನೊಂದೂವರೆ ಚದರ ಮೀಟರ್ ಆಯಿತು. ಓಡಾಡುವ ದಾರಿ, ತಿರುಗಿಸುವ ಜಾಗ ಸೇರಿಸಿದರೆ ಅದರ ಎರಡರಷ್ಟು ಆಗುತ್ತದೆ. ಎರಡು ಕಾರಿನ ಜಾಗದಲ್ಲಿ ಒಂದು ಸಣ್ಣ ಫ್ಲಾಟ್ ಕೂರುತ್ತದೆ, ಅದರ ಮೇಲೆ ಇನ್ನೊಂದು, ಮತ್ತೊಂದು. ಕೌನ್ಸಿಲ್‌ನವರ ಕಣ್ಣು ಯಾಕೆ ಅಲ್ಲೇ ಬೀಳುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ನಮಗೆ ಯಾರೂ ಹೇಳಲೇ ಇಲ್ಲ. ಗುಟ್ಟಾಗಿ ಮಾಡಿದರಾ?

ಗುಟ್ಟಾಗಿ ಅಲ್ಲ. ಆದರೆ ಯಾರೂ ನೋಡದ ಕಡೆ ಇಟ್ಟಿದ್ದರು ಅಂದರೆ ತಪ್ಪಾಗದು.

ಅರ್ಜಿ ಬಂದಾಗ ಕನಿಷ್ಠ 21 ದಿನ ಅಭಿಪ್ರಾಯ ಹೇಳಲು ಸಮಯ ಕೊಡಬೇಕು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಮನೆಗಳಿದ್ದರೆ ಅದು ದೊಡ್ಡ ಅರ್ಜಿ. ಅದಕ್ಕೆ ಜಾಗದ ಹತ್ತಿರ ನೋಟಿಸ್ ಹಾಕಬೇಕು ಅಥವಾ ಪಕ್ಕದ ಮಾಲೀಕರಿಗೆ ಕಾಗದ ಕಳಿಸಬೇಕು, ಜೊತೆಗೆ ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ನಮ್ಮಲ್ಲಿ ಲೈಟ್ ಕಂಬಕ್ಕೆ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ಕಟ್ಟಿದ್ದರು. ಮಳೆನೀರು ಒಳಗೆ ಹೋಗಿ ಶಾಯಿ ಹರಡಿ, ಅರ್ಜಿ ಸಂಖ್ಯೆಯ ಕೊನೆಯ ಎರಡು ಅಂಕಿ ಕಾಣುತ್ತಿರಲಿಲ್ಲ. ಟಿಕೆಟ್ ಮೆಷಿನ್ ಮುಂದೆ ದಿನಾ ಕ್ಯೂ ನಿಲ್ಲುತ್ತಾರೆ, ಅಲ್ಲಿ ಹಾಕಿದ್ದರೆ ಇಡೀ ಊರು ಓದುತ್ತಿತ್ತು.

ಆದರೆ ನಾನು ಎಲ್ಲರಿಗೂ ಹೇಳುವುದು ಬೇರೆ. ಆ ಹಳದಿ ನೋಟಿಸ್ ಬರುವ ಹೊತ್ತಿಗೆ ಮುಕ್ಕಾಲು ಕಥೆ ಮುಗಿದಿರುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗುತ್ತದೆ ನಮ್ಮ ಆಕ್ಷೇಪಣೆ. ಕಾರ್ ಪಾರ್ಕ್‌ನ ಹಣೆಬರಹ ಬರೆಯುವುದು ಎರಡು ಕಡೆ. ಒಂದು ಲೋಕಲ್ ಪ್ಲಾನ್. ಯಾವ ಯಾವ ಜಾಗದಲ್ಲಿ ಮನೆ ಬರಬಹುದು ಅಂತ ಪಟ್ಟಿ ಮಾಡುವಾಗ ಕೌನ್ಸಿಲ್ ಜನರ ಅಭಿಪ್ರಾಯ ಕೇಳಲೇಬೇಕು, ಕೊನೆಯ ಕರಡಿಗೆ ಕನಿಷ್ಠ 6 ವಾರ ಸಮಯ ಇರುತ್ತದೆ, ಆಮೇಲೆ ಸರ್ಕಾರದ ಇನ್‌ಸ್ಪೆಕ್ಟರ್ ಅದನ್ನು ಪರೀಕ್ಷೆ ಮಾಡುತ್ತಾರೆ. ಇನ್ನೊಂದು ಕ್ಯಾಬಿನೆಟ್ ಮೀಟಿಂಗ್. ‘ಇದು ನಮಗೆ ಬೇಡವಾದ ಆಸ್ತಿ, ಮಾರೋಣ’ ಅಂತ ಅಲ್ಲೇ ತೀರ್ಮಾನ ಆಗುವುದು. ನಮ್ಮ ಊರಿನ ಆ ಕ್ಯಾಬಿನೆಟ್ ಮೀಟಿಂಗ್‌ಗೆ ಸಾರ್ವಜನಿಕರು ಎಷ್ಟು ಜನ ಬಂದಿದ್ದರು ಅಂತ ಕೇಳಿದೆ. ಒಬ್ಬರೂ ಇಲ್ಲ. ಪ್ಲಾನಿಂಗ್ ಕಮಿಟಿ ದಿನ ಮಾತ್ರ ಕೂರಲು ಕುರ್ಚಿ ಸಾಲಲಿಲ್ಲ.

ಪ್ಲಾನಿಂಗ್ ಕಮಿಟಿ ಮೀಟಿಂಗ್ ಹೇಗಿರುತ್ತದೆ?

ಅಧಿಕಾರಿಯ ವರದಿ ಐದು ಪೂರ್ತಿ ಕೆಲಸದ ದಿನ ಮುಂಚೆ ಹೊರಗೆ ಬರುತ್ತದೆ. ಅದನ್ನು ಓದದೆ ಹೋಗಬೇಡಿ. ಕೊನೆಯ ಪುಟದಲ್ಲಿ ಶಿಫಾರಸು ಇರುತ್ತದೆ, ಒಪ್ಪಬೇಕು ಅಥವಾ ತಿರಸ್ಕರಿಸಬೇಕು ಅಂತ.

ಮಾತಾಡಲು ನಮ್ಮಲ್ಲಿ ಸಿಕ್ಕಿದ್ದು 3 ನಿಮಿಷ, ಬಹಳಷ್ಟು ಕಡೆ ಅಷ್ಟೇ ಅಂತೆ. ವಿರೋಧಿಸುವವರೆಲ್ಲ ಸೇರಿ ಅದನ್ನು ಹಂಚಿಕೊಳ್ಳಬೇಕು. ನಾನು ಮನೆಯಲ್ಲಿ ಐದು ಸಲ ಗಡಿಯಾರ ಇಟ್ಟು ಓದಿ ಹೋಗಿದ್ದೆ, ಆದರೂ ಅಲ್ಲಿ ಗಂಟಲು ಒಣಗಿ, ಕೊನೆಯ ಮುಖ್ಯ ವಾಕ್ಯಕ್ಕೆ ಬರುವಷ್ಟರಲ್ಲಿ ಕೆಂಪು ದೀಪ ಹತ್ತಿತು. ಮುಖ್ಯವಾದದ್ದನ್ನು ಮೊದಲು ಹೇಳಿ. ನಾನು ಕಲಿತ ಪಾಠ ಅದೇ.

ಕೌನ್ಸಿಲರ್‌ಗಳು ಅಧಿಕಾರಿಯ ಶಿಫಾರಸನ್ನು ಮೀರಬಹುದು. ಆದರೆ ನಿಲ್ಲುವಂಥ ಪ್ಲಾನಿಂಗ್ ಕಾರಣ ಕೊಡಬೇಕು. ಇಲ್ಲದಿದ್ದರೆ ಬಿಲ್ಡರ್ ಅಪೀಲ್ ಹೋಗಿ ಗೆದ್ದು, ಕೌನ್ಸಿಲ್ ನಡೆದುಕೊಂಡ ರೀತಿ ಸರಿಯಿಲ್ಲ ಅಂತಾದರೆ ಖರ್ಚನ್ನೂ ವಸೂಲಿ ಮಾಡಬಹುದು. ಆ ಭಯ ಅವರ ಮುಖದಲ್ಲಿ ಕಾಣುತ್ತದೆ. ಒಬ್ಬರು ಕೈ ಎತ್ತುವ ಮುಂಚೆ ಪಕ್ಕದಲ್ಲಿ ಕೂತ ವಕೀಲರನ್ನು ಮೂರು ಸಲ ನೋಡಿದರು.

ಒಬ್ಬ ಕೌನ್ಸಿಲರ್ ಮೊದಲೇ ‘ಈ ಯೋಜನೆ ಬೇಕು’ ಅಂತ ಹೇಳಿಕೊಂಡು ತಿರುಗಿದ್ದರು. ಅವರು ಓಟು ಹಾಕಬಹುದಾ?

ಸಾಮಾನ್ಯವಾಗಿ ಹಾಕಬಹುದು. 2011ರ ಲೋಕಲಿಸಂ ಕಾಯ್ದೆಯ 25ನೇ ವಿಧಿ ಪ್ರಕಾರ, ಮೊದಲು ಒಂದು ಕಡೆ ವಾಲಿದ ಹಾಗೆ ಮಾತಾಡಿದರು ಅಂದ ಮಾತ್ರಕ್ಕೆ ಅವರು ಮನಸ್ಸು ಮುಚ್ಚಿಕೊಂಡಿದ್ದರು ಅಂತ ಹೇಳಲು ಬರುವುದಿಲ್ಲ. ಅವರಿಗೆ ಆ ಜಾಗದಲ್ಲಿ ಹಣದ ಸಂಬಂಧ ಇದ್ದರೆ ಮಾತು ಬೇರೆ. ಆಗ ಅದನ್ನು ಹೇಳಿ, ಚರ್ಚೆಯಿಂದ ಹೊರಗೆ ಇರಬೇಕು.

ನಾವು ಅಪೀಲ್ ಹಾಕಬಹುದಾ?

ಇಲ್ಲ. ಇದನ್ನು ಕೇಳಿ ಎಲ್ಲರೂ ಬೆಚ್ಚಿಬೀಳುತ್ತಾರೆ. ಅರ್ಜಿ ತಿರಸ್ಕಾರ ಆದರೆ ಅರ್ಜಿದಾರರು ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ (ಅಪೀಲ್ ಕೇಳುವ ಸರ್ಕಾರಿ ಸಂಸ್ಥೆ) ಹೋಗಬಹುದು, ಇಂಥ ಯೋಜನೆಗೆ ಸಾಮಾನ್ಯವಾಗಿ 6 ತಿಂಗಳು ಸಮಯ. ಒಪ್ಪಿಗೆ ಸಿಕ್ಕರೆ ಪಕ್ಕದ ಮನೆಯವರಿಗೆ ಆ ಬಾಗಿಲು ಇಲ್ಲ. ಪಕ್ಕದ ಐರ್ಲೆಂಡ್ ಗಣರಾಜ್ಯದಲ್ಲಿ ಇದೆ. ಅಲ್ಲಿ ಮೊದಲು ಅಭಿಪ್ರಾಯ ಬರೆದವರು ಅಪೀಲ್ ಹಾಕಬಹುದು. ಇಲ್ಲಿ ಯಾಕಿಲ್ಲ ಅನ್ನುವುದು ಹಳೆಯ ಜಗಳ. ನನ್ನ ಪ್ರಕಾರ ಇರಬೇಕಿತ್ತು, ಕನಿಷ್ಠ ಕೌನ್ಸಿಲ್ಲೇ ಜಾಗದ ಮಾಲೀಕ ಆಗಿರುವ ಕಡೆಯಾದರೂ.

ಕೋರ್ಟ್?

ಜುಡಿಷಿಯಲ್ ರಿವ್ಯೂ ಅಂತ ಇದೆ. ತೀರ್ಮಾನ ಬಂದ 6 ವಾರದೊಳಗೆ ಹೈಕೋರ್ಟಿಗೆ ಹೋಗಬೇಕು. ಅಲ್ಲಿ ಫ್ಲಾಟ್ ಬೇಕಾ ಕಾರ್ ಪಾರ್ಕ್ ಬೇಕಾ ಅಂತ ಯಾರೂ ಕೇಳುವುದಿಲ್ಲ. ಕೌನ್ಸಿಲ್ ಕಾನೂನು ತಪ್ಪಿತಾ ಅಂತ ಮಾತ್ರ ನೋಡುತ್ತಾರೆ. ನೋಡಲೇಬೇಕಾದ್ದನ್ನು ನೋಡದೆ ಬಿಟ್ಟರಾ, ಕಮಿಟಿಗೆ ಕೊಟ್ಟ ಮಾಹಿತಿ ದಾರಿ ತಪ್ಪಿಸುವಂತಿತ್ತಾ, ಅಂಥವು. ಪರಿಸರಕ್ಕೆ ಸಂಬಂಧಪಟ್ಟ ಕೇಸ್ ಅಂತಾದರೆ, ಸೋತಾಗ ಎದುರು ಪಕ್ಷಕ್ಕೆ ಕೊಡಬೇಕಾದ ಖರ್ಚಿಗೆ ಒಬ್ಬ ವ್ಯಕ್ತಿಗೆ ಸಾಮಾನ್ಯವಾಗಿ 5,000 ಪೌಂಡ್ ಮಿತಿ ಇದೆ. ನಿಮ್ಮ ವಕೀಲರ ಫೀಸು ಬೇರೆ, ಅದಕ್ಕೆ ಮಿತಿ ಇಲ್ಲ! ಗೆದ್ದರೂ ಏನಾಗುತ್ತದೆ? ಒಪ್ಪಿಗೆ ರದ್ದಾಗಿ ಅರ್ಜಿ ವಾಪಸ್ ಅದೇ ಕೌನ್ಸಿಲ್ ಮುಂದೆ ಬರುತ್ತದೆ. ಅವರು ಕಾಗದಪತ್ರ ಸರಿಮಾಡಿಕೊಂಡು ಮತ್ತೆ ಒಪ್ಪಬಹುದು.

ಒಂದು ಸೂಕ್ಷ್ಮ ಇದೆ. ಕಮಿಟಿ ಕೈ ಎತ್ತಿದ ದಿನವೇ ಒಪ್ಪಿಗೆ ಬಂತು ಅಂದುಕೊಳ್ಳಬೇಡಿ. ಸೆಕ್ಷನ್ 106 ಒಪ್ಪಂದಕ್ಕೆ (ಬಿಲ್ಡರ್ ಊರಿಗೆ ಏನು ಕೊಡಬೇಕು ಅಂತ ಬರೆದಿರುವುದು) ಸಹಿ ಬಿದ್ದ ಮೇಲೆ ಡಿಸಿಷನ್ ನೋಟಿಸ್, ಅಂದರೆ ಅಧಿಕೃತ ಒಪ್ಪಿಗೆ ಪತ್ರ, ಹೊರಡುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಕೋರ್ಟಿನ 6 ವಾರ ಶುರುವಾಗುವುದು ಆ ನೋಟಿಸ್‌ನಿಂದ.

ಲಂಡನ್‌ನಲ್ಲಿರುವ ಮಂತ್ರಿಗೆ ಬರೆದರೆ?

ತೀರ್ಮಾನ ಅಧಿಕೃತವಾಗಿ ಹೊರಡುವ ಮುಂಚೆ ಬರೆದರೆ, ಮಂತ್ರಿ ಅರ್ಜಿಯನ್ನು ತಾವೇ ಎಳೆದುಕೊಂಡು ನೋಡಬಹುದು. 1990ರ ಪ್ಲಾನಿಂಗ್ ಕಾಯ್ದೆಯಲ್ಲಿ ಆ ಅಧಿಕಾರ ಇದೆ. ಅಪರೂಪಕ್ಕೆ ಬಳಸುತ್ತಾರೆ, ಊರೊಂದರ ಕಾರ್ ಪಾರ್ಕ್‌ಗೆ ಬಳಸುತ್ತಾರೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಅಂಗವಿಕಲರ ಪಾರ್ಕಿಂಗ್ ಜಾಗಗಳು ಏನಾಗುತ್ತವೆ?

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಇದು. 2010ರ ಸಮಾನತೆ ಕಾಯ್ದೆಯ 149ನೇ ವಿಧಿ ಪ್ರಕಾರ ಕೌನ್ಸಿಲ್ ತನ್ನ ತೀರ್ಮಾನದಿಂದ ಅಂಗವಿಕಲರಿಗೆ, ವಯಸ್ಸಾದವರಿಗೆ ಏನಾಗುತ್ತದೆ ಅಂತ ನಿಜವಾಗಿ ತೂಗಿ ನೋಡಬೇಕು. ‘ನಾಲ್ಕು ನಿಮಿಷ ನಡೆದರೆ ಇನ್ನೊಂದು ಕಾರ್ ಪಾರ್ಕ್ ಇದೆ’ ಅಂತ ವರದಿಯಲ್ಲಿತ್ತು. ಬ್ಲೂ ಬ್ಯಾಡ್ಜ್ (ಅಂಗವಿಕಲರಿಗೆ ಕೊಡುವ ಪಾರ್ಕಿಂಗ್ ಪರವಾನಗಿ) ಇರುವ ನಮ್ಮ ಪರಿಚಯದ ಅಜ್ಜಿಯೊಬ್ಬರ ಜೊತೆ ನಾನು ನಡೆದು ನೋಡಿದೆ. ಏರು ದಾರಿ, ಮಧ್ಯದಲ್ಲಿ ಎರಡು ಸಲ ಗೋಡೆ ಹಿಡಿದು ನಿಂತರು, ಹದಿನಾಲ್ಕು ನಿಮಿಷ ಆಯಿತು. ಅದನ್ನು ಹಾಗೇ ಬರೆದು ಕಳಿಸಿದೆವು. ಹೊಸ ನಕ್ಷೆಯಲ್ಲಿ ಕಟ್ಟಡದ ಮುಂದೆ ರಸ್ತೆ ಬದಿಗೇ ಬ್ಲೂ ಬ್ಯಾಡ್ಜ್ ಜಾಗಗಳು ಬಂದವು.

ಅಲ್ಲಿರುವ ಮರಗಳ ಗತಿ?

ದೊಡ್ಡ ಯೋಜನೆಗಳು ಜೀವವೈವಿಧ್ಯವನ್ನು ಮೊದಲಿಗಿಂತ 10% ಜಾಸ್ತಿ ಮಾಡಬೇಕು ಅನ್ನುವ ನಿಯಮ 2024ರ ಫೆಬ್ರವರಿಯಿಂದ ಇದೆ. ಆದರೆ ಡಾಂಬರಿಗೆ ಬೆಲೆ ಸೊನ್ನೆ, ಸೊನ್ನೆಗೆ ಹತ್ತು ಪರ್ಸೆಂಟ್ ಸೇರಿಸಿದರೆ ಎಷ್ಟು ನೀವೇ ಹೇಳಿ. ಮರಗಳಿಗೆ ಮಾತ್ರ ಲೆಕ್ಕ ಇದೆ. ಮರಕ್ಕೆ ರಕ್ಷಣಾ ಆದೇಶ ಇದ್ದರೂ, ಪೂರ್ಣ ಒಪ್ಪಿಗೆ ಸಿಕ್ಕ ಕಟ್ಟಡಕ್ಕೆ ಅದನ್ನು ಕಡಿಯಲೇಬೇಕು ಅಂತಾದರೆ ಆ ಆದೇಶ ತಡೆಯುವುದಿಲ್ಲ.

ಅಗೆಯುವಾಗ ಕೆಳಗೆ ಏನಾದರೂ ಸಿಕ್ಕರೆ?

ನಗಬೇಡಿ, ಸಿಕ್ಕಿದೆ. 2012ರಲ್ಲಿ ಲೆಸ್ಟರ್ ನಗರದ ಕೌನ್ಸಿಲ್ ಕಾರ್ ಪಾರ್ಕ್ ಒಂದರ ಕೆಳಗೆ ಸಿಕ್ಕ ಅಸ್ಥಿಪಂಜರ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್‌ನದ್ದು! 1485ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಸತ್ತವನು. ಡಿಎನ್‌ಎ ಎಲ್ಲ ನೋಡಿ 2013ರ ಫೆಬ್ರವರಿಯಲ್ಲಿ ಅವನೇ ಅಂತ ಪ್ರಕಟಿಸಿದರು, 2015ರ ಮಾರ್ಚ್‌ನಲ್ಲಿ ಲೆಸ್ಟರ್ ಕ್ಯಾಥೆಡ್ರಲ್‌ನಲ್ಲಿ ಮತ್ತೆ ಮಣ್ಣು ಮಾಡಿದರು. ಅವರು ಹುಡುಕುತ್ತಲೇ ಅಗೆದದ್ದು, ಅದು ಬೇರೆ ಮಾತು. ಆದರೆ ಹಳೆಯ ಊರುಗಳ ನಡುವೆ ಕಾರ್ ಪಾರ್ಕ್ ಅಂದರೆ, ಎಷ್ಟೋ ದಶಕದಿಂದ ಯಾರೂ ಆಳವಾಗಿ ಅಗೆಯದ ನೆಲ. ಅದಕ್ಕೇ ಒಪ್ಪಿಗೆಯ ಜೊತೆ ಪುರಾತತ್ವದವರು ಮೊದಲು ಅಗೆದು ನೋಡಬೇಕು ಅನ್ನುವ ಷರತ್ತು ಎಷ್ಟೋ ಸಲ ಇರುತ್ತದೆ. ನಮ್ಮದರಲ್ಲೂ ಇದೆ. ನಾನಂತೂ ಒಂದು ಹಳೇ ಮಡಕೆ ಚೂರಾದರೂ ಸಿಗಲಿ ಅಂತ ಕಾಯುತ್ತಿದ್ದೇನೆ.

ಬಿಲ್ಡರ್‌ನಿಂದ ಊರಿಗೆ ಏನು ಸಿಗುತ್ತದೆ?

ಸೆಕ್ಷನ್ 106 ಒಪ್ಪಂದ ಓದಿ, ಅದು ಸಾರ್ವಜನಿಕ ದಾಖಲೆ. ಎಷ್ಟು ಫ್ಲಾಟ್ ಕಡಿಮೆ ಬೆಲೆಗೆ ಅಥವಾ ಬಾಡಿಗೆಗೆ ಸಿಗಬೇಕು, ಶಾಲೆಗೆ, ಬಸ್ ನಿಲ್ದಾಣಕ್ಕೆ ಎಷ್ಟು ಹಣ, ಎಲ್ಲ ಅದರಲ್ಲಿರುತ್ತದೆ. ‘ಈ ಯೋಜನೆಯಲ್ಲಿ ಲಾಭ ಸಾಲುತ್ತಿಲ್ಲ’ ಅಂತ ಲೆಕ್ಕ ತೋರಿಸಿ ಆಮೇಲೆ ಆ ಸಂಖ್ಯೆ ಇಳಿಸಿಕೊಳ್ಳಲು ನೋಡುವುದು ಹಳೆಯ ಆಟ. ಮಾರುವಾಗಲೂ ಅಷ್ಟೇ. 1972ರ ಸ್ಥಳೀಯ ಸರ್ಕಾರ ಕಾಯ್ದೆಯ 123ನೇ ವಿಧಿ ಪ್ರಕಾರ ಕೌನ್ಸಿಲ್ ತನ್ನ ಜಾಗಕ್ಕೆ ಸಿಗಬಹುದಾದ ಒಳ್ಳೆಯ ಬೆಲೆ ಪಡೆಯಬೇಕು, ಕೆಲವು ವಿನಾಯಿತಿ ಇದೆ. ಎಷ್ಟಕ್ಕೆ ಮಾರಿದರು ಅಂತ ಮಾಹಿತಿ ಹಕ್ಕಿನಡಿ ಕೇಳಿ. ಸಾಮಾನ್ಯವಾಗಿ 20 ಕೆಲಸದ ದಿನದಲ್ಲಿ ಉತ್ತರ ಬರಬೇಕು.

ನೀವು ಈ ಯೋಜನೆಗೆ ವಿರೋಧನಾ, ಪರನಾ?

ಅರ್ಧ ಅರ್ಧ. ಬಾಡಿಗೆ ಮನೆ ಹುಡುಕಿ ಸುಸ್ತಾದ ನಮ್ಮ ಹುಡುಗರು ಎಷ್ಟು ಜನ ಇದ್ದಾರೆ. ಆ ಫ್ಲಾಟ್‌ಗಳಿಗೆ ನಾಳೆ ಬರುವವರು ಇವತ್ತು ಕಾಗದ ಬರೆಯುವುದಿಲ್ಲ, ಅವರಿಗೆ ತಾವು ಬರುತ್ತೇವೆ ಅಂತಲೇ ಗೊತ್ತಿಲ್ಲ. ಹಾಗಾಗಿ ಫೈಲ್‌ನಲ್ಲಿ ಬರೀ ‘ಬೇಡ’ ತುಂಬಿರುತ್ತದೆ. ನಾನು ಬರೆದದ್ದು ಕಟ್ಟಿ ಅಂತಲೇ, ಆದರೆ ಶನಿವಾರದ ಲೆಕ್ಕ ಸರಿಮಾಡಿ, ಒಂದು ಮಹಡಿ ಕಮ್ಮಿ ಮಾಡಿ ಅಂತ. ಇದಕ್ಕೆ ಎರಡೂ ಕಡೆಯವರ ಹತ್ತಿರ ಬೈಸಿಕೊಂಡೆ.

ನಾಳೆಯೇ ಗೇಟ್ ಹಾಕುತ್ತಾರಾ?

ಇಲ್ಲ. ಒಪ್ಪಿಗೆ ಸಿಕ್ಕ ಮೇಲೆ ಕೆಲಸ ಶುರುಮಾಡಲು ಸಾಮಾನ್ಯವಾಗಿ 3 ವರ್ಷ ಸಮಯ ಇರುತ್ತದೆ. ಮೊದಲು ಈಡೇರಿಸಬೇಕಾದ ಷರತ್ತುಗಳಿರುತ್ತವೆ. ಲಾರಿ ಯಾವ ದಾರಿಯಲ್ಲಿ ಬರಬೇಕು, ಎಷ್ಟು ಗಂಟೆಗೆ ಸದ್ದು ನಿಲ್ಲಬೇಕು, ಮಣ್ಣಿನಲ್ಲಿ ವಿಷ ಇದೆಯಾ, ಇಂಥವು.

ಜೊತೆಗೆ ಇನ್ನೊಂದು ಕಾಗದ ಇದೆ, ಇದನ್ನು ಮರೆಯಬೇಡಿ. ಕೌನ್ಸಿಲ್ ಕಾರ್ ಪಾರ್ಕ್‌ಗಳು ಸಾಮಾನ್ಯವಾಗಿ ನಡೆಯುವುದು 1984ರ ರಸ್ತೆ ಸಂಚಾರ ನಿಯಂತ್ರಣ ಕಾಯ್ದೆಯಡಿ ಮಾಡಿದ ಪಾರ್ಕಿಂಗ್ ಆದೇಶದ ಮೇಲೆ. ಪಟ್ಟಿಯಿಂದ ಈ ಜಾಗ ತೆಗೆಯಲು ಆ ಆದೇಶವನ್ನು ತಿದ್ದಬೇಕು, ಅದಕ್ಕೆ ಬೇರೆ ನೋಟಿಸ್, ಬೇರೆ 21 ದಿನದ ಆಕ್ಷೇಪಣೆ. ಫ್ಲಾಟ್ ನಿಲ್ಲಿಸಲು ಇದರಿಂದ ಆಗುವುದಿಲ್ಲ. ಆದರೆ ಬದಲಿ ಜಾಗ ತೆರೆಯುವ ತನಕ ಇದನ್ನು ಮುಚ್ಚಬೇಡಿ ಅಂತ ಕೇಳಲು ಸರಿಯಾದ ಜಾಗ ಇದೇ. ಈಗ ಲೈಟ್ ಕಂಬ ನೋಡುತ್ತಿರಿ. ಪತ್ರಿಕೆಯ ಹಿಂದಿನ ಪುಟಗಳನ್ನೂ.

ನನ್ನ ಹತ್ತಿರ ವರ್ಷದ ಸೀಸನ್ ಟಿಕೆಟ್ ಇದೆ. ದುಡ್ಡು ವಾಪಸ್ ಬರುತ್ತಾ?

ಟಿಕೆಟ್ ಜೊತೆ ಬಂದ ಷರತ್ತುಗಳನ್ನು ಓದಿ. ಕೆಲವು ಟಿಕೆಟ್ ಒಂದೇ ಕಾರ್ ಪಾರ್ಕ್‌ಗೆ, ಕೆಲವು ಊರಿನ ಎಲ್ಲ ಕಡೆಗೂ ನಡೆಯುತ್ತವೆ. ಏನೇ ಆದರೂ ಮುಚ್ಚುವ ದಿನಾಂಕ ಗೊತ್ತಾದ ಕೂಡಲೇ ಪಾರ್ಕಿಂಗ್ ವಿಭಾಗಕ್ಕೆ ಇಮೇಲ್ ಹಾಕಿ ಕೇಳಿ, ಫೋನಿನಲ್ಲಿ ಕೇಳಿ ಬಿಡಬೇಡಿ. ಮುಂದಿನ ತಿಂಗಳು ರಿನ್ಯೂ ಮಾಡಿಸಬೇಕಾದವರು ವರ್ಷದ್ದು ಬಿಟ್ಟು ಮೂರು ತಿಂಗಳದ್ದು ತಗೊಳ್ಳಿ.